ಹಿಡಿ ಗಟ್ಟಿಯಿರುವ ಗಾಡಿ

ಕಿರ್ರೋ ಕಿರ್ರೋ ಎನ್ನುವ ಸದ್ದು ಬೀದಿಯ ತುದಿಯಿಂದಲೇ ಕೇಳಿಸಿತು. ಆ ಭಾನುವಾರ ಬಂದ ಮೂರನೆಯ ಗಾಡಿ ಅದು.

ಕೊಲ್ಲಿಯ ದಡದ ನಮ್ಮ ಕಟಾನ್ಯೋ ಊರಿನಲ್ಲಿ ಏನಾದರೂ ಬೇಕಾದರೆ ಮೊದಲು ಅಂಗಡಿಗೆ ಹೋಗುವ ಪದ್ಧತಿಯಿಲ್ಲ, ಬೀದಿಗೆ ಹೇಳಬೇಕು. ಬೀದಿಯ ಹಿರಿಯಾಕೆ ದೊನ್ಯಾ ಹಸಿಂತಾ ಮೊಮ್ಮಗನನ್ನು ಕಟ್ಟಿಕೊಂಡು ಹಡಗಿನ ಪ್ರವಾಸಕ್ಕೆ ಹೊರಟಿದ್ದಾರೆ, ಮಗುವಿಗೊಂದು ತಳ್ಳುಗಾಡಿ ಬೇಕಂತೆ ಎಂದು ಬೆಳಿಗ್ಗೆ ಚರ್ಚಿನ ಮೆಟ್ಟಿಲ ಮೇಲೆ ಯಾರೋ ಅಂದದ್ದೇ ತಡ, ಊಟದ ಹೊತ್ತಿಗೆ ಅವರ ಕಾರಿಲ್ಲದ ಕಾರುಶೆಡ್ಡಿನಲ್ಲಿ ಗಾಡಿಗಳು ಬಂದು ನಿಂತವು. ಒಂದರಲ್ಲಿ ಬೆಳೆದವನು ಈಗ ಪೊಲೀಸು. ಇನ್ನೊಂದರಲ್ಲಿ ಬೆಳೆದವಳಿಗೆ ಮುಂದಿನ ತಿಂಗಳು ಮದುವೆ. ಕಿರುಗುಟ್ಟುತ್ತ ಬಂದದ್ದು ನನ್ನ ಮನೆಯದು. ಬಿಸಿಲಿಗೆ ಬಣ್ಣ ಹೋಗಿ ನೀಲಿಯೋ ಬೂದಿಯೋ ಹೇಳಲಾಗದ, ಎತ್ತಿನಂಥ ಹಳೆಯ ಗಾಡಿ. ನಾನೇ ತಳ್ಳಿಕೊಂಡು ಬಂದಿದ್ದೆ.

"ಅಯ್ಯೋ, ಇದನ್ನ ಯಾಕೆ ತಂದ್ರಿ?" ಎಂದಳು ಲಿಸ್ಮಾರಿ. ದೊನ್ಯಾ ಹಸಿಂತಾರ ಒಬ್ಬಳೇ ಮಗಳು, ಮಗುವಿನ ತಾಯಿ. ಅಮ್ಮನಿಗೆ ಎಪ್ಪತ್ತು ತುಂಬಿದ ಸಂತೋಷಕ್ಕೆ ಈ ಪ್ರವಾಸ ಹೊಂದಿಸಿ, ತಾನೂ ಜೊತೆಗೆ ಹೊರಟವಳು ಅವಳೇ. ಔಷಧದಂಗಡಿಯಲ್ಲಿ ಕೆಲಸ ಮಾಡಿ ಮಾಡಿ ಅವಳಿಗೆ ಎಲ್ಲವೂ ಅಳತೆಯಲ್ಲಿರಬೇಕು. ಹಡಗಿನ ಕೋಣೆಯ ಬಾಗಿಲು ಎಷ್ಟು ಅಗಲವೆಂದು ಹಿಂದೆ ಹೋಗಿಬಂದ ಗೆಳತಿಯನ್ನು ಕೇಳಿ, ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದಿದ್ದಳು. ಗೆರೆಗಳ ನಡುವೆ ಹಾದುಹೋದರೆ ಗಾಡಿ ಪಾಸು.

ಪೊಲೀಸನ ಗಾಡಿ ಹೂವಿನಷ್ಟು ಹಗುರ. ಕೊಡೆಯಂತೆ ಮಡಚಿ ಮಂಚದಡಿ ತಳ್ಳಬಹುದು. ಗೆರೆಗಳ ನಡುವೆ ಅದು ಮೀನಿನ ಹಾಗೆ ಜಾರಿತು. ಒಂದೂವರೆ ವರ್ಷದ ಎರಿಯೆಲ್ ಅದರಲ್ಲಿ ಕೂತು, ಕೈಯಲ್ಲಿದ್ದ ಬಾಳೆಕಾಯಿ ಚೂರನ್ನು ಚೀಪುತ್ತ, ರಾಜನ ಗತ್ತಿನಲ್ಲಿ ಕಣ್ಣು ಮುಚ್ಚಿದ. ಕೂತಲ್ಲೇ ಕೂರುವ ಸಮಾಧಾನದ ಮಗು ಅದು.

"ಇದೇ ಆಯ್ತು" ಎಂದಳು ಲಿಸ್ಮಾರಿ.

ದೊನ್ಯಾ ಹಸಿಂತಾ ಬಂದು ಹಿಡಿಯ ಮೇಲೆ ಎರಡೂ ಅಂಗೈ ಊರಿ ಭಾರ ಬಿಟ್ಟರು. ಗಾಡಿಯ ಮುಂದಿನ ಚಕ್ರ ಮೇಲೆದ್ದಿತು. ಎರಿಯೆಲ್ ಕಣ್ಣು ಬಿಟ್ಟ.

"ಇದು ಬೇಡ. ಇದಕ್ಕೆ ಮೈಯಲ್ಲಿ ಶಕ್ತಿಯೇ ಇಲ್ಲ."

"ಅಮ್ಮಾ, ಹಿಡಿ ಯಾಕೆ ಒತ್ತಿ ಒತ್ತಿ ನೋಡ್ತೀಯ? ಕೂರೋದು ಮಗು, ನೀನಲ್ಲ."

"ತಳ್ಳೋದು ನಾನು ತಾನೆ?"

ಮದುಮಗಳ ಗಾಡಿಗೆ ಹಿಡಿ ಬಹಳ ಕೆಳಗಿತ್ತು. "ಇದನ್ನ ತಳ್ಳಿದ್ರೆ ನಾನು ಕಳೆದುಹೋದ ಸೂಜಿ ಹುಡುಕ್ತಿದೀನಿ ಅಂದ್ಕೋತಾರೆ ಜನ" ಎಂದು ಅದನ್ನೂ ಪಕ್ಕಕ್ಕೆ ಸರಿಸಿದರು.

ಅವರು ಏನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು. ಹಿಂದಿನ ತಿಂಗಳು ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನು. ಬಲಮಂಡಿ ಸವೆದಿದೆ, ಕೋಲು ಹಿಡಿಯಿರಿ ಎಂದಿದ್ದರು ಡಾಕ್ಟರು. ಮರಳಿ ಬರುವಾಗ ದೊನ್ಯಾ ಹಸಿಂತಾ ಕಿಟಕಿಯಾಚೆ ನೋಡುತ್ತಲೇ ಹೇಳಿದ್ದರು: "ಲಿಸ್ಮಾರಿ ಕಿವಿಗೆ ಬಿತ್ತೋ, ನಿನ್ನ ಮನೆ ಕಾಫಿ ಇನ್ನು ಕುಡಿಯಲ್ಲ."

ಗೊತ್ತಾದರೆ ಲಿಸ್ಮಾರಿ ಏನು ಮಾಡುತ್ತಾಳೆಂದು ನಮಗಿಬ್ಬರಿಗೂ ಗೊತ್ತು. ಅವಳ ಪ್ರೀತಿಗೆ ಕರುಣೆ ಕಡಿಮೆ. ಒಂದೋ ಅಮ್ಮನನ್ನು ಬಯಮೋನಿನ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟುಹೋಗುತ್ತಾಳೆ, ಇಲ್ಲವೇ ಹಡಗಿನವರಿಗೆ ಹೇಳಿ ಗಾಲಿಕುರ್ಚಿ ತರಿಸಿ ಕೂರಿಸುತ್ತಾಳೆ.

ದೊನ್ಯಾ ಹಸಿಂತಾ ಆಯಸ್ಸಿನ ಅರ್ಧ ಶಾಲೆಯ ಅಡುಗೆಮನೆಯಲ್ಲಿ ನಿಂತೇ ಕಳೆದವರು. ಅಲ್ಲಿನ ಕಿಟಕಿಯಿಂದ ಕೊಲ್ಲಿಯಾಚೆ ಸಾನ್ ಹುವಾನ್ ಬಂದರಿನ ಕಟ್ಟೆಗೆ ಒರಗಿ ನಿಂತ ಬಿಳಿಯ ಹಡಗುಗಳು ಕಾಣುತ್ತಿದ್ದವು. ಊಟ ಬೇಡವೆನ್ನುವ ಮಕ್ಕಳಿಗೆ, "ಬೇಗ ಮುಗಿಸ್ರೋ, ನಮ್ಮನ್ನ ಬಿಟ್ಟು ಹೊರಟುಹೋದೀತು" ಎಂದು ಸೌಟಿನಿಂದ ಅತ್ತ ತೋರಿಸುತ್ತಿದ್ದರು. ಅವರ ಕೈಯ ತೊಗರಿಕಾಳಿನ ಅನ್ನ ಉಂಡವರಲ್ಲಿ ನಾನೂ ಒಬ್ಬಳು. ಹಡಗು ದಿನವೂ ನಮ್ಮನ್ನು ಬಿಟ್ಟೇ ಹೊರಡುತ್ತಿತ್ತು. ಈಗ ಅದರ ಏಣಿಯನ್ನು ಅವರು ತಮ್ಮ ಕಾಲಲ್ಲೇ ಹತ್ತಬೇಕು. ಅವರಿಗಿದ್ದ ಆಸೆ ಅಷ್ಟೇ.

ಕೋಲನ್ನಂತೂ ಹಿಡಿಯುವಂತಿಲ್ಲ. ಎದುರುಮನೆಯ ದೊನ್ ತೊರಿಬಿಯೊ ಕೋಲು ಹಿಡಿದ ದಿನದಿಂದ ಅವರನ್ನು ಗೋಳು ಹೊಯ್ದುಕೊಂಡವರು ದೊನ್ಯಾ ಹಸಿಂತಾ. "ನಿಮ್ಮ ಎರಡನೇ ಹೆಂಡತಿ ಚೆನ್ನಾಗಿದ್ದಾಳಾ? ರಾತ್ರಿ ಜಗಳ ಆಡ್ತಾಳಾ?" ಎಂದು ದಿನವೂ ವಿಚಾರಿಸುತ್ತಿದ್ದರು. ಬೀದಿಯೆಲ್ಲ ನಗುತ್ತಿತ್ತು.

ಆ ತೊರಿಬಿಯೊ ಈಗ ಶೆಡ್ಡಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಕೋಲಿನ ಮೇಲೆ ಗಲ್ಲವೂರಿ ಎಲ್ಲವನ್ನೂ ನೋಡುತ್ತಿದ್ದರು.

ದೊನ್ಯಾ ಹಸಿಂತಾ ನನ್ನ ಗಾಡಿಯ ಹಿಡಿಯನ್ನು ಹಿಡಿದರು. ಸೊಂಟದ ಎತ್ತರಕ್ಕೆ ಸರಿಯಾಗಿತ್ತು. ಭಾರ ಬಿಟ್ಟರು. ಗಾಡಿ ಅಲುಗಲಿಲ್ಲ. ನಾಲ್ಕು ಹೆಜ್ಜೆ ನಡೆದರು. ಎಷ್ಟೋ ದಿನಗಳ ಮೇಲೆ ಅವರ ಹೆಜ್ಜೆ ಒಂದರಂತೆ ಒಂದು ಬಿತ್ತು. ಕುಣಿಯಲು ಎದ್ದ ಹೆಂಗಸಿನಂತೆ ಬೆನ್ನು ನೆಟ್ಟಗಾಯಿತು.

"ಇದು" ಎಂದರು.

ಲಿಸ್ಮಾರಿ ಗಾಡಿಯನ್ನು ಗೆರೆಗಳ ನಡುವೆ ತಳ್ಳಿದಳು. ಎರಡೂ ಕಡೆ ಚಕ್ರ ಗೆರೆಯನ್ನು ತುಳಿಯಿತು. "ನೋಡು, ಹಿಡಿಸಲ್ಲ. ಇದನ್ನ ತಗೊಂಡ್ರೆ ಗಾಡಿ ಹೊರಗೆ ಮಲಗ್ಬೇಕು, ಇಲ್ಲಾ ನೀನು."

"ನಾನೇ ಮಲಗ್ತೀನಿ. ಹೊರಗೆ ಗಾಳಿ ಚೆನ್ನಾಗಿರುತ್ತೆ."

"ಸಾಕಮ್ಮಾ ಹಟ. ಪೊಲೀಸನ ಗಾಡೀನೇ ಗತಿ" ಎಂದು ಲಿಸ್ಮಾರಿ ಕಾಫಿ ತರಲು ಒಳಗೆ ಹೋದಳು. ದೊನ್ಯಾ ಹಸಿಂತಾ ಹಿಡಿಯನ್ನು ಬಿಡದೆ ನಿಂತರು. ಅವರ ಮುಖ ನೋಡಲಾರದೆ ನಾನು ಮಗುವಿನ ಬಾಯಿ ಒರೆಸಿದೆ.

ಟಕ್ ಟಕ್ ಎಂದು ತೊರಿಬಿಯೊ ಎದ್ದು ಬಂದರು. ಚಕ್ರದ ಹೊರಗಿನ ಅಲಂಕಾರದ ಪ್ಲಾಸ್ಟಿಕ್ ಮುಚ್ಚಳವನ್ನು ಕೋಲಿನ ತುದಿಯಿಂದ ತಟ್ಟಿದರು.

"ಈ ನಾಲ್ಕು ಟೊಪ್ಪಿ ಕಿತ್ತಾಕಿದ್ರೆ ಒಳಗೆ ಬರುತ್ತೆ" ಎಂದು, ದನಿ ತಗ್ಗಿಸಿ ಕೇಳಿದರು, "ಬಲಗಾಲೋ, ಎಡಗಾಲೋ?"

ದೊನ್ಯಾ ಹಸಿಂತಾ ಅವರನ್ನು ದುರುಗುಟ್ಟಿ ನೋಡಿದರು. "ನಿಮಗ್ಯಾರು ಹೇಳಿದ್ದು?"

"ಕೋಲು ಹಿಡಿಯೋಕೆ ಮುಂಚೆ ನಾನು ಎರಡು ವರ್ಷ ಸೈಕಲ್ ತಳ್ಕೊಂಡು ಓಡಾಡ್ದೆ. ಒಂದಿನಾನಾದ್ರೂ ಹತ್ತಿದ್ದು ನೋಡಿದ್ರಾ?"

ನನಗೆ ನಗು ತಡೆಯಲಾಗಲಿಲ್ಲ. ದೊನ್ಯಾ ಹಸಿಂತಾಗೂ.

"ಬಲಗಾಲು" ಎಂದರು ಮೆಲ್ಲಗೆ.

"ಸರಿ. ಇನ್ಮೇಲೆ ನನ್ನ ಹೆಂಡತಿ ಸುದ್ದಿಗೆ ಬರಬಾರದು."

"ಪ್ರವಾಸ ಮುಗಿಯೋವರೆಗೆ."

"ಜಿಪುಣಿ" ಎಂದು ಗೊಣಗುತ್ತ ತೊರಿಬಿಯೊ ಮನೆಯಿಂದ ಸ್ಕ್ರೂಡ್ರೈವರ್ ತರಿಸಿ ಮುಚ್ಚಳ ಕಿತ್ತರು, ಚಕ್ರಕ್ಕೆ ಎಣ್ಣೆ ಬಿಟ್ಟರು. ಲಿಸ್ಮಾರಿ ಕಾಫಿಯೊಂದಿಗೆ ಹೊರಗೆ ಬಂದಾಗ ಗಾಡಿ ಸದ್ದಿಲ್ಲದೆ ಗೆರೆಗಳ ನಡುವೆ ನಿಂತಿತ್ತು. ಅವಳು ಬಗ್ಗಿ ಎರಡು ಕಡೆಯೂ ನೋಡಿದಳು. ಅಳತೆಯ ಮುಂದೆ ಅವಳ ವಾದ ನಡೆಯುವುದಿಲ್ಲ.

ಹೊರಡುವ ದಿನ ಲಾಂಚ್ ಕಟ್ಟೆಗೆ ಅರ್ಧ ಬೀದಿ ಬಂದಿತ್ತು. ಕೊಲ್ಲಿ ದಾಟಿದರೆ ಆಚೆ ದಡದಲ್ಲಿ ಹಡಗು. ದೊನ್ಯಾ ಹಸಿಂತಾ ಹಳದಿ ಉಡುಪು ತೊಟ್ಟು, ಗಾಡಿಯನ್ನು ತಳ್ಳುತ್ತ, ಕಂಡಕಂಡವರಿಗೆಲ್ಲ ಆಶೀರ್ವಾದ ಹಂಚುತ್ತ ಬಂದರು. ಎಲ್ಲವೂ ಸರಿಯಿತ್ತು, ಎರಿಯೆಲನ ಹೊಸ ಬೂಟುಗಳನ್ನು ಬಿಟ್ಟು. ಪ್ರವಾಸಕ್ಕೆಂದು ಲಿಸ್ಮಾರಿ ತಂದ ಬೂಟುಗಳು ಅವು. ಹೆಜ್ಜೆಯಿಟ್ಟರೆ ಹಿಮ್ಮಡಿಯಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಕಟ್ಟೆಯ ಮೇಲೆ ಗಾಡಿಯಿಂದ ಇಳಿದದ್ದೇ ಅವನಿಗೆ ಗುಟ್ಟು ತಿಳಿಯಿತು. ದಬದಬ ತುಳಿದ. ದೀಪ ಬಂತು. ಮತ್ತೆ ಗಾಡಿಯಲ್ಲಿ ಕೂರಿಸಹೋದರೆ ಬಿಲ್ಲಿನಂತೆ ಬಾಗಿ ಊರು ಕೇಳುವಂತೆ ಅರಚಿದ. ಸಮಾಧಾನದ ಮಗುವಿನ ಸಮಾಧಾನ ಅಂದಿಗೆ ಮುಗಿಯಿತು.

"ಇವನು ಇನ್ನು ಕೂರಲ್ಲಮ್ಮಾ" ಎಂದಳು ಲಿಸ್ಮಾರಿ. "ಗಾಡಿ ಖಾಲಿ ತಳ್ಳೋದ್ಯಾಕೆ? ಇಲ್ಲೇ ಬಿಟ್ಟುಹೋಗೋಣ, ಭಾರ ಕಮ್ಮಿಯಾಗುತ್ತೆ. ಕೊಡಿಲ್ಲಿ."

ಅವಳು ಕೈ ಚಾಚಿ ಹಿಡಿಯನ್ನು ಹಿಡಿದಳು. ದೊನ್ಯಾ ಹಸಿಂತಾ ಬಿಡಲಿಲ್ಲ. ಲಿಸ್ಮಾರಿ ಎಳೆದಳು. ಗಾಡಿ ಒಂದು ಗೇಣು ಸರಿಯಿತು. ಅದರೊಂದಿಗೆ ಅಮ್ಮನೂ ವಾಲಿದರು.

ಲಿಸ್ಮಾರಿಯ ಕೈ ನಿಂತಿತು. ಅಮ್ಮನ ಬಿಳಿಚಿದ ಬೆರಳುಗಳನ್ನು ನೋಡಿದಳು, ಬಲಮಂಡಿಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ನೀರಿನ ಮೇಲಿನ ಕೊಕ್ಕರೆಯನ್ನು ನೋಡಿದೆ. ತೊರಿಬಿಯೊ ಕೆಮ್ಮಿದರು. ಲಾಂಚು ಒಮ್ಮೆ ಕೂಗಿತು.

ಲಿಸ್ಮಾರಿ ಹೆಗಲ ಚೀಲವನ್ನು ಇಳಿಸಿ ಗಾಡಿಯ ಸೀಟಿನಲ್ಲಿಟ್ಟಳು. ಅದರ ಮೇಲೆ ಮಗುವಿನ ಬಟ್ಟೆಯ ಗಂಟು. ಎರಡಕ್ಕೂ ಸೇರಿಸಿ ಮಗುವಿನ ಪಟ್ಟಿಯನ್ನು ಬಿಗಿಯಾಗಿ ಕಟ್ಟಿದಳು.

"ತೂಕ ಇದ್ರೆ ಗಾಡಿ ಗಟ್ಟಿಯಾಗಿ ನಿಲ್ಲುತ್ತೆ" ಎಂದಳು. "ಅಮ್ಮಾ, ಈ ನೋವು ಯಾವಾಗಿಂದ..."

"ಏನ್ರೀ ಹಸಿಂತಾ," ತೊರಿಬಿಯೊ ನಡುವೆ ಬಾಯಿ ಹಾಕಿದರು, "ನಿಮ್ಮ ಹೊಸ ಯಜಮಾನ್ರಿಗೆ ನಾಲ್ಕು ಕಾಲು, ನಮ್ಮವಳಿಗೆ ಒಂದೇ. ವಾಪಸ್ ಬಂದ್ಮೇಲೆ ಇಬ್ಬರನ್ನೂ ಕೂರಿಸಿ ಒಂದು..."

ದೊನ್ಯಾ ಹಸಿಂತಾ ಗಾಡಿಯನ್ನು ತಿರುಗಿಸಿ, ಮಿನುಗುವ ಬೂಟುಗಳ ಹಿಂದೆ ಲಾಂಚಿನ ಹಲಗೆಯತ್ತ ಆಗಲೇ ನಡೆದಿದ್ದರು.