ಹಾಗೇ ಒಗೆದ ಜಾಕ್

ಗುಡ್ಡ ಅಳೆಯುವ ಸರ್ವೆ ತಂಡಕ್ಕೆ ಇಪ್ಪತ್ತು ವರ್ಷ ಜೀಪು ಓಡಿಸಿದ ಆಕೆ ಎಲ್ಲರ ಬಾಯಲ್ಲೂ ಡ್ರೈವರಕ್ಕ. ಹಿಂದಿನ ಭಾರದ ಪೆಟ್ಟಿಗೆಗಳನ್ನು ಸೀಟಿನ ಬೆನ್ನಿಗೆ ಒತ್ತಿಟ್ಟು, ಬೆಲ್ಟಿನಿಂದ ಬಿಗಿದು ಕಟ್ಟದೆ ಗಾಡಿ ಕದಲಿಸಿದವಳೇ ಅಲ್ಲ. ಅಂದು ಜೊತೆಗೆ ಬಂದಿದ್ದ ಅವಳ ತಮ್ಮ, ಪಂಕ್ಚರಾದ ಚಕ್ರ ಬದಲಿಸಿ, ಜಾಕನ್ನು ಹಿಂದಕ್ಕೆ ಹಾಗೇ ಒಗೆದ.

"ಕಟ್ಟೋ ಅದನ್ನ."

"ಇಲ್ಲೇ ಎರಡು ಮೈಲಿ ಅಲ್ವೇನಕ್ಕಾ, ಎಲ್ಲಿಗೆ ಓಡಿಹೋಗುತ್ತೆ?"

ಅವಳೂ ನಕ್ಕು ಹೊರಟಳು.

ಇಳಿಜಾರಿನಲ್ಲಿ ಕರುವೊಂದು ಅಡ್ಡ ಬಂದಾಗ ಗಕ್ಕನೆ ಬ್ರೇಕ್ ಒತ್ತಿದಳು. ಜಾಕ್ ಇಬ್ಬರ ತಲೆಗಳ ನಡುವೆ ಹಾರಿ, ಮುಂದಿನ ಗಾಜು ಒಡೆದುಕೊಂಡು ಬಾನೆಟ್ ಮೇಲೆ ಬಿತ್ತು. ತಮ್ಮ ಕಿವಿ ಮುಟ್ಟಿ ನೋಡಿಕೊಂಡ. ಅದು ಜಾಗದಲ್ಲೇ ಇತ್ತು.

"ಅಕ್ಕಾ..." ಎಂದ.

ಸ್ಟೇರಿಂಗ್ ಹಿಡಿದ ಅವಳ ಬೆರಳುಗಳನ್ನು ಅವನೇ ಒಂದೊಂದಾಗಿ ಬಿಡಿಸಬೇಕಾಯಿತು. ನಾಲ್ಕು ದಿನ ಅವಳು ಗಾಡಿ ಮುಟ್ಟಲಿಲ್ಲ.