ಎರಡು ಬೀಗದ ವೈಫೈ

ಸೂಗಪ್ಪನವರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಮೂವತ್ನಾಲ್ಕು ವರ್ಷ ದುಡಿದು ನಿವೃತ್ತರಾಗಿ ಮಲ್ಕಾಜ್‌ಗಿರಿಯ ಎರಡು ಕೋಣೆಯ ಮನೆಯಲ್ಲಿದ್ದರು. ಇಲಾಖೆ ಅವರನ್ನು ಬಿಟ್ಟಿತ್ತು, ಅವರು ಇಲಾಖೆಯನ್ನು ಬಿಟ್ಟಿರಲಿಲ್ಲ. ಮನೆಯ ಮಿಕ್ಸರ್ ಕೆಟ್ಟರೂ ಒಂದು ವಹಿಯಲ್ಲಿ ತಾರೀಖು, ಸಮಯ, ಕಾರಣ ಬರೆದು ಸಹಿ ಹಾಕುವರು. ಕಾರಣ ಯಾವಾಗಲೂ ಒಂದೇ: ಬಳಸುವವರ ತಪ್ಪು. ಬಳಸುವವರೆಂದರೆ ಹೆಂಡತಿ ಸುವರ್ಣಾ. ಮನೆಯಲ್ಲಿ ಇದ್ದವರೇ ಇಬ್ಬರು.

ಮದುವೆಗಾಗಿ ಯಾದಗಿರಿಯ ಕಾಲೇಜು ಬಿಟ್ಟಿದ್ದ ಸುವರ್ಣಾ, ಐವತ್ತು ದಾಟಿದ ಮೇಲೆ ಮನೆಯಿಂದಲೇ ಓದಿ ಬಿ.ಎ. ಮುಗಿಸಿ, ಈಗ ಕನ್ನಡ ಎಂ.ಎ.ಯ ಕೊನೆಗೆ ಬಂದಿದ್ದರು. ಬೀಸುವ ಪದಗಳ ಮೇಲೆ ಪ್ರಬಂಧ ಬರೆದಾಗಿತ್ತು. ಉಳಿದದ್ದು ಮೌಖಿಕ ಪರೀಕ್ಷೆಯೊಂದೇ, ಮಂಗಳವಾರ ಹನ್ನೊಂದು ಗಂಟೆಗೆ, ಲ್ಯಾಪ್‌ಟಾಪಿನಲ್ಲಿ. ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು.

ಅಂದು ಹತ್ತೂಕಾಲಿಗೆ ತೆರೆದರೆ ಲ್ಯಾಪ್‌ಟಾಪಿಗೆ ವೈಫೈ ಸಿಗಲೊಲ್ಲದು. ಸುವರ್ಣಾ ಬೆವರಿದರು. ಸೂಗಪ್ಪನವರ ಮುಖ ಮಾತ್ರ ಅರಳಿತು, ಎಷ್ಟು ದಿನದ ಮೇಲೆ ಅವರ ಯೋಗ್ಯತೆಗೆ ತಕ್ಕ ದೋಷವೊಂದು ಸಿಕ್ಕಿತ್ತು! ಲ್ಯಾಪ್‌ಟಾಪ್ ಆರಿಸಿ ಹಚ್ಚಿದರು. ಪಾಸ್‌ವರ್ಡ್ ಅಳಿಸಿ ಮತ್ತೆ ಹಾಕಿಸಿದರು. ಅಡ್ಡ ಬರುತ್ತಿರಬಹುದೆಂದು ಮೇಲಿನ ಮನೆಯ ಕುಮುದಾ ಅವರ ವೈಫೈಯನ್ನೂ ಆರಿಸಲು ಹೇಳಿ ಬಂದರು. ಪಾಪ, ಅವರ ಆಫೀಸಿನ ಮೀಟಿಂಗ್ ಅರ್ಧಕ್ಕೇ ನಿಂತಿತು.

"ಕೊನೇಸಲ ಯಾವಾಗ ಚಲೋ ಇತ್ತು?" ವಿಚಾರಣೆ ಶುರುವಾಯಿತು.

"ಆದಿತ್ಯವಾರ ಮುಂಜಾನಿ."

"ಆಮ್ಯಾಲೆ ಯಾರು ಮುಟ್ಟಿದ್ರು?"

"ನೀವು."

"ನಾ ಮುಟ್ಟಿಲ್ಲ. ಭದ್ರ ಮಾಡೀನಿ."

ಆ ಭದ್ರತೆ ಬಾಗಿಲ ಮೇಲೆ ಗೋಡೆಯಲ್ಲಿ ಕೂತಿತ್ತು. ಸಿಗ್ನಲ್ ಯಂತ್ರಗಳ ಕೋಣೆಗೆ ಎರಡು ಬೀಗ ಇರಬೇಕು, ಒಂದರ ಕೀಲಿ ಸ್ಟೇಷನ್ ಮಾಸ್ಟರ್ ಹತ್ತಿರ, ಇನ್ನೊಂದರದು ಸಿಗ್ನಲಿನವರ ಹತ್ತಿರ, ಒಬ್ಬರೇ ತೆರೆಯಬಾರದು ಎಂಬುದು ಅವರ ನೌಕರಿಯ ನಿಯಮ. ಅದರ ಪ್ರಕಾರ ಆದಿತ್ಯವಾರ ಮಧ್ಯಾಹ್ನ ದಪ್ಪ ಕಬ್ಬಿಣದ ಪೆಟ್ಟಿಗೆ ಮಾಡಿಸಿ ತಂದು, ರೂಟರನ್ನು ಅದರೊಳಗೆ ಬೋಲ್ಟ್ ಹಾಕಿ ಬಿಗಿಸಿದ್ದರು. ಯಾರೂ ಮರೆತು ತೆರೆದಿಡಬಾರದೆಂದು ಪೆಟ್ಟಿಗೆಯ ಬಾಗಿಲಿಗೆ ಸ್ಪ್ರಿಂಗು. ಒಂದು ಕೀಲಿ ಅವರ ಉಡಿದಾರದಲ್ಲಿ, ಇನ್ನೊಂದು ಸುವರ್ಣಾರ ಸೆರಗಿನಲ್ಲಿ. ಕದಿಯಲು ಬರುವ ಕಳ್ಳ ಯಾರೆಂದು ಮಾತ್ರ ಕೇಳಬಾರದು.

ನೆಲಮಹಡಿಯ ಆ ಮನೆಯೊಳಗೆ ಮೊಬೈಲ್ ಹಿಡಿಯುತ್ತಿರಲಿಲ್ಲ. ಸೂಗಪ್ಪನವರು ಗೇಟಿಗೆ ಹೋಗಿ ನೆಟ್ ಕಂಪನಿಗೆ ಫೋನು ಮಾಡಿದರು. ಅತ್ತ ಕಡೆಯ ಹುಡುಗಿ ಹಿಂದಿಯಲ್ಲಿ, ರೂಟರಿನ ದೀಪ ಹಸಿರಾಗಿದೆಯೇ ಎಂದಳು. ಕಾಣುವುದಿಲ್ಲ, ಪೆಟ್ಟಿಗೆಯಲ್ಲಿದೆ ಎಂದರು. ಯಾವುದರ ಪೆಟ್ಟಿಗೆ? ಒಳ್ಳೆಯ ಕಬ್ಬಿಣದ್ದು, ಎಂದರು ಹೆಮ್ಮೆಯಿಂದ.

"ಅಂಕಲ್, ಕಬ್ಬಿಣದೊಳಗಿಂದ ವೈಫೈ ಹೊರಗೆ ಬರೋದಿಲ್ಲ. ಡಬ್ಬಾ ಖೋಲೋ."

ಒಳಗೆ ಬಂದಾಗ ಹತ್ತು ಐವತ್ತು. ಬೇರೆ ಯಾರಾದರೂ ಆಗಿದ್ದರೆ ಪೆಟ್ಟಿಗೆ ತೆರೆಯುತ್ತಿದ್ದರು. ಇವರು ಕಾಗದ ತೆಗೆದು, ಪೆಟ್ಟಿಗೆ ತೆರೆಯಲು ಎರಡನೇ ಕೀಲಿಯವರ ಒಪ್ಪಿಗೆ ಕೋರಿ ಪತ್ರ ಬರೆಯಲು ಕೂತರು.

ಸುವರ್ಣಾ ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಆ ಕಾಗದದ ಮೇಲೆಯೇ ಒಗೆದರು. "ಐದು ವರ್ಷ ಒಲಿ ಮುಂದ ಕುಂತು ಓದೀನ್ರಿ. ನಿಮ್ಮ ಕಾಗದಕ್ಕ ನಾ ಸಹಿ ಹಾಕಂಗಿಲ್ಲ. ಏಳ್ರಿ!"

ಮೇಲಧಿಕಾರಿಗಳ ಸಿಟ್ಟನ್ನು ಅರಗಿಸಿಕೊಂಡಿದ್ದ ಸೂಗಪ್ಪನವರಿಗೆ ಆ ಮಾತು ಕೇಳಿ ನಿಜಕ್ಕೂ ಹೆದರಿಕೆಯಾಯಿತು. ಸ್ಟೂಲು ಹತ್ತಿ ಎರಡೂ ಬೀಗ ತೆಗೆದರು. ವೈಫೈ ಬಂತು. ಕೈ ಬಿಟ್ಟರೆ ಸ್ಪ್ರಿಂಗು ಬಾಗಿಲನ್ನು ಧಡ್ಡನೆ ಮುಚ್ಚಿತು, ವೈಫೈ ಹೋಯಿತು. ಕಡ್ಡಿ ಅಡ್ಡ ಕೊಟ್ಟರೆ ಜಾರಿ ಬಿತ್ತು, ಬೋಲ್ಟ್ ಬಿಚ್ಚುವ ಪಾನಾ ಪೆಟ್ಟಿಗೆ ಮಾಡಿಕೊಟ್ಟ ವೆಲ್ಡರ್ ಹತ್ತಿರ ಉಳಿದಿತ್ತು. ಹನ್ನೊಂದಕ್ಕೆ ಎರಡು ನಿಮಿಷ. ಸೂಗಪ್ಪನವರು ಮತ್ತೆ ಸ್ಟೂಲು ಹತ್ತಿ, ಎರಡೂ ಕೈಯಲ್ಲಿ ಪೆಟ್ಟಿಗೆಯ ಬಾಗಿಲು ತೆರೆದು ಹಿಡಿದು ನಿಂತರು.

ಕೆಳಗೆ ಸುವರ್ಣಾ ಉತ್ತರ ಹೇಳತೊಡಗಿದರು. ಮೊದಲು ದನಿ ಅಳುಕಿತು, ಆಮೇಲೆ ತಡೆಯಿಲ್ಲದೆ ಹರಿಯಿತು. ಬೀಸುವಾಗ ಅವರವ್ವ ಹಾಡುತ್ತಿದ್ದ ಪದ, ಅದರಲ್ಲಿ ಗಂಡನ ಮನೆಗೆ ಹೇಳಲಾಗದ್ದನ್ನು ಹೆಣ್ಣು ಬೀಸುವ ಕಲ್ಲಿಗೆ ಹೇಳುವ ಬಗೆ. ಅವೇ ಪದಗಳನ್ನು ಈಕೆ ಅಡುಗೆಮನೆಯಲ್ಲಿ ಗುನುಗುವಾಗ, ವಾರ್ತೆ ಕೇಳಿಸುವುದಿಲ್ಲ ಸುಮ್ಮನಿರು ಎಂದು ಎಷ್ಟು ಸಲ ಗದರಿದ್ದೇನೆಂದು ಸೂಗಪ್ಪನವರಿಗೆ ನೆನಪಾಯಿತು. ನಾಚಿಕೆಯಾಯಿತು. ತೋಳು ಸೋತು ಬಂದಿತ್ತು, ಆದರೂ ಬಿಡಲಿಲ್ಲ.

ಪರೀಕ್ಷಕರು ಥಟ್ಟನೆ ಸುವರ್ಣಾರ ಮಾತು ತಡೆದರು. "ಅಮ್ಮಾ, ನಿಮ್ಮ ಹಿಂದೆ ಸ್ಟೂಲಿನ ಮೇಲೆ ಯಾರೋ ನಿಂತಿದ್ದಾರೆ. ಉತ್ತರ ಹೇಳಿಕೊಡುತ್ತಿದ್ದಾರೆಯೇ? ಹಾಗಿದ್ದರೆ ಪರೀಕ್ಷೆ ರದ್ದು ಮಾಡಬೇಕಾಗುತ್ತದೆ."

"ಇಲ್ರಿ ಸರ್. ಅವರು ನಮ್ಮ ಯಜಮಾನ್ರು. ಇದರಾಗ ಅವರಿಗೆ ಏನೂ ತಿಳಿಯಂಗಿಲ್ಲ."

ಪರೀಕ್ಷಕರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಸೂಗಪ್ಪನವರು ಬಾಗಿಲು ಬಿಡದೆ ಮೇಲಿನಿಂದಲೇ ಕುತ್ತಿಗೆ ತಿರುಗಿಸಿ ಕೂಗಿದರು: "ಖರೇ ಐತ್ರಿ ಸರ್. ನನಗ ಏನೂ ತಿಳಿಯಂಗಿಲ್ಲ. ಆಕಿನ್ನ ಕೇಳ್ರಿ."