ಮಳೆಗಿಂತ ಮೊದಲೇ ಹೋಗುವ ಕರೆಂಟು

ಕಾರು ನಿಲ್ಲಿಸುವ ಜಾಗದ ಒಂದು ಚಿಕ್ಕ ಪಂಪಿಗೆ ಯುಪಿಎಸ್ ಹಾಕಿಸಲು ನನಗೆ ಐವತ್ತೊಂದು ಸಾವಿರ ರೂಪಾಯಿ ಖರ್ಚಾಯಿತು. ನಲವತ್ತೆರಡಕ್ಕೆ ಮುಗಿಯಬೇಕಿದ್ದ ಕೆಲಸ. ಮಿಕ್ಕ ಒಂಬತ್ತು ಸಾವಿರ, ನನ್ನ ಚೌಕಾಸಿಗೆ ನಾನೇ ಕಟ್ಟಿದ ದಂಡ.

ಇಟ್ಟಮಡುವಿನ ಈ ಮನೆಯನ್ನು ನಾನು ಮನೆಮನೆಗೆ ಸೀರೆ ಗಂಟು ಹೊತ್ತು ಮಾರಿ ಕಟ್ಟಿಸಿದ್ದು. ಆಗ ಗೇಟು ರಸ್ತೆಗಿಂತ ಒಂದು ಮೆಟ್ಟಿಲು ಎತ್ತರದಲ್ಲಿತ್ತು. ಆಮೇಲೆ ಡಾಂಬರಿನ ಮೇಲೆ ಡಾಂಬರು ಹಾಕುತ್ತಲೇ ಹೋದರು. ಹಳೆಯದನ್ನು ಕೆರೆದು ಹಾಕಿ ಎಂದು ಗಂಟಲು ಹರಿದುಕೊಂಡರೂ ಯಾರೂ ಕೇಳಲಿಲ್ಲ. ಈಗ ಗೇಟು ದಾಟಿದರೆ ಒಂದಡಿ ಕೆಳಗಿಳಿಯಬೇಕು. ಜೋರು ಮಳೆ ಬಂದರೆ ರಸ್ತೆಯ ನೀರು, ಮೋರಿಯ ನೀರು ಎಲ್ಲ ನಮ್ಮ ಅಂಗಳಕ್ಕೆ. ಅಲ್ಲೇ ನೆಲದಡಿ ಕುಡಿಯುವ ನೀರಿನ ಸಂಪು. ಹೋದ ವರ್ಷ ಮುಚ್ಚಳದ ಸಂದಿಯಿಂದ ಕೊಳಚೆ ಒಳಗಿಳಿದು, ಮಹಡಿಯ ಬಾಡಿಗೆಯವರ ಮಗುವಿಗೆ ಒಂದು ವಾರ ವಾಂತಿಭೇದಿ.

ಮಗುವಿನ ತಾಯಿ ಗದಗದ ಕಡೆಯವಳು. ದನಿ ಏರಿಸದೆ ಹೇಳಿದಳು: "ಆಂಟಿ, ಇನ್ನೊಂದ್ ಸಲ ಹಿಂಗಾತಂದ್ರ ನಾವು ಮನಿ ಬಿಡ್ತೀವ್ರಿ. ಬಾಡಿಗಿ ಕಮ್ಮಿ ಮಾಡ್ತೀನಿ ಅಂತ ಶುರು ಹಚ್ಕೋಬ್ಯಾಡ್ರಿ ಮತ್ತ."

ನಿಜ ಹೇಳಬೇಕೆಂದರೆ, ಅದನ್ನೇ ಹೇಳುವವಳಿದ್ದೆ.

ಸಂಪಿನ ಪಕ್ಕ ಗುಂಡಿ ತೋಡಿಸಿ, ನೀರು ಏರಿದರೆ ತಾನಾಗಿ ಶುರುವಾಗುವ ಅರ್ಧ ಎಚ್‌ಪಿ ಪಂಪು ಇಳಿಸಿದೆ. ಕರೆಂಟು ಹೋದಾಗಲೂ ಅದು ಓಡಬೇಕಲ್ಲ, ಯುಪಿಎಸ್ ಕೊಳ್ಳಲು ಬನಶಂಕರಿಯ ಬ್ಯಾಟರಿ ಅಂಗಡಿಗೆ ಹೋದೆ.

"ಮೋಟರ್‌ಗೆ ಅಂದ್ರೆ ಎರಡು ಬ್ಯಾಟರಿದೇ ಬೇಕು ಮೇಡಂ. ನಲವತ್ತೆರಡಾಗುತ್ತೆ," ಎಂದ ಅಂಗಡಿಯವನು.

"ಇಷ್ಟು ಚಿಕ್ಕ ಪಂಪಿಗೆ ಎರಡು ಬ್ಯಾಟರಿನಾ? ನಾನೇನು ಫ್ಯಾಕ್ಟರಿ ನಡೆಸ್ತಿದೀನಾ?"

"ಸ್ಟಾರ್ಟ್ ಆಗೋವಾಗ ಕರೆಂಟು ಜಾಸ್ತಿ ಎಳೆಯುತ್ತೆ ಮೇಡಂ."

"ನಿಮ್ಮ ಅಂಗಡೀಲಿ ಎಲ್ಲಾನೂ ಜಾಸ್ತಿನೇ ಎಳೆಯುತ್ತೆ ಬಿಡಿ."

ಒಂದೇ ಬ್ಯಾಟರಿಯದನ್ನು ಇಪ್ಪತ್ತೈದರಿಂದ ಇಪ್ಪತ್ತೊಂದಕ್ಕೆ ಇಳಿಸಿ ತಂದೆ. ಪರೀಕ್ಷೆ ಮಾಡದೆ ಒಪ್ಪಿಕೊಳ್ಳುವವಳಲ್ಲ ನಾನು. ಗುಂಡಿಗೆ ನೀರು ತುಂಬಿಸಿ, ಪಂಪು ಓಡುತ್ತಿರುವಾಗಲೇ ಎಲೆಕ್ಟ್ರಿಷಿಯನ್ ಕೈಲಿ ಮೇನ್ ಸ್ವಿಚ್ ಆಫ್ ಮಾಡಿಸಿದೆ. ಪಂಪು ಒಂದು ಕ್ಷಣವೂ ತಡವರಿಸಲಿಲ್ಲ.

"ನೋಡಪ್ಪ, ಅಂಗಡಿಯವನು ಡಬಲ್ ರೇಟ್ ಕಿತ್ಕೊಳ್ಳೋಕೆ ನೋಡ್ದ," ಎಂದೆ.

"ನಿಮ್ಮ ಹತ್ರ ನಡೆಯುತ್ತಾ ಮೇಡಂ," ಎಂದು ಅವನೂ ನಕ್ಕ.

ಆಗ ನಮ್ಮಿಬ್ಬರಿಗೂ ಹೊಳೆಯದ ಮಾತೊಂದಿತ್ತು. ನಮ್ಮ ಬೀದಿಯಲ್ಲಿ ಮಳೆ ಬಂದ ಮೇಲೆ ಕರೆಂಟು ಹೋಗುವುದಿಲ್ಲ. ಗಾಳಿ ಎದ್ದು ನಾಲ್ಕು ಹನಿ ಬೀಳುವ ಮೊದಲೇ ಹೋಗುತ್ತದೆ. ಗುಂಡಿಗೆ ನೀರು ಬರುವುದು ಅದಾದ ಅರ್ಧ ಗಂಟೆಗೆ. ಅಂದರೆ ನಮ್ಮ ಪಂಪು ಓಡುತ್ತಾ ಇರುವುದಿಲ್ಲ. ಬರೀ ಬ್ಯಾಟರಿಯ ಬಲದಲ್ಲಿ ಎದ್ದು ಓಡಲು ಶುರುಮಾಡಬೇಕು.

ಮೊದಲ ದೊಡ್ಡ ಮಳೆಯ ಸಂಜೆ ಹಾಗೆಯೇ ಆಯಿತು. ಗುಂಡಿ ತುಂಬಿತು, ಪಂಪು ಒಮ್ಮೆ ಗುಂಯ್ ಎಂದಿತು, ಯುಪಿಎಸ್ಸು ಕೀಂ ಕೀಂ ಎಂದು ಕೂಗಿ ಆಫ್ ಆಯಿತು. ಆನ್ ಮಾಡಿದೆ, ಮತ್ತೆ ಅದೇ. ಮೂರನೆಯ ಸಲಕ್ಕೆ ಅದನ್ನು ಒದೆಯುವಷ್ಟು ಸಿಟ್ಟು ಬಂತು. ಮಹಡಿಯವಳು ಮಗುವನ್ನು ಗಂಡನ ಕೈಗೆ ಕೊಟ್ಟು ಬಕೆಟ್ ಹಿಡಿದು ಇಳಿದು ಬಂದಳು. ಇಬ್ಬರೂ ಮಂಡಿಯುದ್ದ ಕೊಳಚೆಯಲ್ಲಿ ನಿಂತು ಮೊಗೆದು ಮೊಗೆದು ಎಸೆದೆವು. ಎಸೆದದ್ದು ಗೇಟಿನಿಂದ ವಾಪಸ್ ಬರುತ್ತಿತ್ತು. ಸಂಪಿನ ಮುಚ್ಚಳ ಮುಳುಗಿದಾಗ ಅವಳು ಬಕೆಟ್ ಕೆಳಗಿಟ್ಟಳು. ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಗೊಟ್ಟಿಗೆರೆಯ ಅಕ್ಕನ ಮನೆಗೆ ಹೊರಟುಹೋದಳು.

ಸಂಪು ಖಾಲಿ ಮಾಡಿಸಿ ತೊಳೆಸಿ ಟ್ಯಾಂಕರ್ ನೀರು ಹಾಕಿಸಿದ್ದಕ್ಕೆ ಐದು ಸಾವಿರ. ಯುಪಿಎಸ್ ವಾಪಸ್ ಹೊತ್ತುಕೊಂಡು ಹೋದರೆ ಅಂಗಡಿಯವನು ನಾಲ್ಕು ಸಾವಿರ ಮುರಿದುಕೊಂಡು ಎರಡು ಬ್ಯಾಟರಿಯದನ್ನು ಕೊಟ್ಟ. ದರ ಅದೇ ನಲವತ್ತೆರಡು. ಜೀವನದಲ್ಲಿ ಮೊದಲ ಸಲ ಕೇಳಿದಷ್ಟು ಕೊಟ್ಟು ಬಂದೆ.

"ಅವತ್ತೇ ಹೇಳಿದ್ನಲ್ಲ ಮೇಡಂ."

"ಹೇಳಿದ್ದು ಸರಿ. ಕೂಗಿ ಹೇಳ್ಬೇಕಿತ್ತು."

ನಾಲ್ಕನೆಯ ದಿನ ಮಹಡಿಯವಳು ಸಾಮಾನು ಕಟ್ಟಲು ಬಂದಳು. ಒಮ್ಮೆ ನೋಡಿ ಹೋಗಮ್ಮ ಎಂದೆ. ಎಲೆಕ್ಟ್ರಿಷಿಯನ್ ಪಂಪಿನ ಸ್ವಿಚ್ಚಿಗೆ ಕೈ ಹಾಕುತ್ತಿದ್ದಂತೆ ಅವಳೇ ತಡೆದಳು.

"ಅಣ್ಣಾ, ಮೊದಲ ಮೇನ್ ಆಫ್ ಮಾಡ್ರಿ. ಆಮ್ಯಾಲೆ ನೀರು ಹಾಕ್ರಿ."

ಗುಂಡಿಗೆ ಹತ್ತು ಬಕೆಟ್ ಸುರಿದೆವು. ಪಂಪು ಗುಂಯ್ ಎಂದಿತು. ಯುಪಿಎಸ್ ಕೂಗಲಿಲ್ಲ, ನೀರು ಪೈಪಿನಲ್ಲಿ ಹೋಯಿತು.

"ಈ ಮಳಿಗಾಲ ಒಂದು ನೋಡ್ತೀವ್ರಿ ಆಂಟಿ," ಎಂದಳು. ಅದಕ್ಕಿಂತ ಹೆಚ್ಚು ಕೇಳುವ ಮುಖ ನನಗಿರಲಿಲ್ಲ.

ನಿಮ್ಮ ಮನೆಯೂ ರಸ್ತೆಗಿಂತ ತಗ್ಗಿನಲ್ಲಿದ್ದರೆ ಮಳೆಗಾಲಕ್ಕೆ ಮೊದಲೇ ಈ ಕೆಲಸ ಮಾಡಿ. ಪಂಪಿನ ಮೇಲೆ ಅಂಟಿಸಿರುವ ವಿವರದ ಚೀಟಿಯ ಫೋಟೋ ತೆಗೆದು ಅಂಗಡಿಗೆ ಒಯ್ಯಿರಿ. ಓಡುವಾಗ ಎಷ್ಟು ಎನ್ನುವುದನ್ನು ಬಿಟ್ಟು, ಶುರುವಾಗುವಾಗ ಎಷ್ಟು ಎಳೆಯುತ್ತದೆ ಎಂದು ಕೇಳಿ. ಫಿಟ್ಟಿಂಗ್ ಚಾರ್ಜಿನಲ್ಲಿ, ಸಾಗಾಟದಲ್ಲಿ, ಹಳೆ ಬ್ಯಾಟರಿಯ ಬೆಲೆಯಲ್ಲಿ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಯುಪಿಎಸ್ಸಿನ ಶಕ್ತಿಯಲ್ಲಿ ಮಾತ್ರ ಬೇಡ. ಮೇನ್ ಆಫ್ ಮಾಡಿ, ಆಮೇಲೆ ನೀರು ಸುರಿದು, ಪಂಪು ತಾನಾಗಿ ಎದ್ದಿತೇ ಎಂದು ಕಣ್ಣಾರೆ ನೋಡಿ. ಅಲ್ಲಿಯವರೆಗೆ ಕೊನೆಯ ಕಂತಿನ ದುಡ್ಡು ನಿಮ್ಮ ಕೈಯಲ್ಲೇ ಇರಲಿ.